ಹದಿಮೂರನೇ ನಂಬರಿನ ಕಾರು, ನನ್ನ ಹೆಸರಿನ ಚೆಕ್ಕು

2019ರ ಆಗಸ್ಟಿನ ಒಂದು ಶನಿವಾರ, ರಾತ್ರಿ ಹನ್ನೊಂದರ ಹೊತ್ತು. ನಾರ್ತ್ ಕೆರೊಲಿನಾದ ಹಿಕರಿ ಎಂಬ ಊರಿನ ರೇಸ್ ಟ್ರ್ಯಾಕಿನಲ್ಲಿ ಬಹುಮಾನದ ದುಡ್ಡು ಹಂಚುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮೈಯೆಲ್ಲ ಬೆವರು, ಕಿವಿಯೊಳಗೆ ಇನ್ನೂ ಇಂಜಿನ್ನಿನ ಗುಂಯ್. ಒಂಬತ್ತನೆಯವನಾಗಿ ರೇಸ್ ಮುಗಿಸಿದ್ದೆ. ನನ್ನ ಸರದಿ ಬಂದಾಗ ಒಳಗಿದ್ದಾಕೆ ಲಕೋಟೆ ತೆಗೆದು ಅದರ ಮೇಲಿನ ಹೆಸರು ಓದಿದಳು, ಆಮೇಲೆ ನನ್ನ ಮುಖ ನೋಡಿದಳು. ಅಲ್ಲಿದ್ದದ್ದು ನನ್ನ ಹೆಸರಲ್ಲ, ಕಾರಿನ ಮಾಲೀಕನದು. ಅವನು ನನ್ನ ಹೆಗಲ ಮೇಲಿಂದ ಕೈ ಚಾಚಿ ಲಕೋಟೆ ಇಸಿದುಕೊಂಡ. 225 ಡಾಲರಿನ ಚೆಕ್ಕು. ನಾನು ಅಲ್ಲಿ ನಿಂತದ್ದು ಸುಮ್ಮನೆ, ಆ ಸಾಲಿನಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆಗೆ.

ಎಚ್-1ಬಿ ವೀಸಾದಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಆ ವೀಸಾದಲ್ಲಿ ನಿಮ್ಮನ್ನು ಕರೆಸಿಕೊಂಡ ಕಂಪನಿಗೆ ಮಾತ್ರ ದುಡಿಯಬಹುದು. ಬೇರೆ ಕಡೆ ದುಡಿದು ಕಾಸು ತೆಗೆದುಕೊಂಡರೆ ವೀಸಾಕ್ಕೇ ಕುತ್ತು. ನಾನು ಷಾರ್ಲೆಟ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವವನು. ರೇಸಿಗೆ ಹೆಸರು ಕೊಡುವ ಮೊದಲು ವಲಸೆ ವಕೀಲರಿಗೆ ಫೋನ್ ಮಾಡಿ ಕೇಳಿದ್ದೆ. ಇಂಥ ಪ್ರಶ್ನೆ ಅವರಿಗೂ ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಕಾರು ಓಡಿಸಿ, ಗೋಡೆಗೆ ಬೇಕಾದರೂ ಗುದ್ದಿ, ಅದು ನಿಮ್ಮ ಹವ್ಯಾಸ. ದುಡ್ಡು ಮಾತ್ರ ಮುಟ್ಟಬೇಡಿ" ಅಂದರು. ಹಾಗಾಗಿ ಟ್ರ್ಯಾಕಿನವರು ತೆರಿಗೆಗೆಂದು ತುಂಬಿಸಿಕೊಳ್ಳುವ ಡಬ್ಲ್ಯೂ-9 ಫಾರಮ್ಮಿನಲ್ಲಿ ಮಾಲೀಕನ ಹೆಸರು ಬಿತ್ತು. ಕಾರು ಓಡಿಸಿದವನು ನಾನು. ಕಾಗದದ ಮಟ್ಟಿಗೆ ನಾನು ಅಲ್ಲಿ ಏನೂ ಅಲ್ಲ.

ನಮ್ಮೂರು ಹಾಸನ. ಅಪ್ಪನಿಗೆ ಬಿ.ಎಂ. ರಸ್ತೆಯ ಪಕ್ಕ ಲಾರಿ ಗ್ಯಾರೇಜಿತ್ತು. ಶಿರಾಡಿ ಘಾಟಿ ಹತ್ತಿ ಇಳಿದು ಸುಸ್ತಾದ ಲಾರಿಗಳ ಬ್ರೇಕು, ಕ್ಲಚ್ಚು, ಪಾಟಾ ಎಲ್ಲ ಅಲ್ಲೇ ರಿಪೇರಿ. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಸ್ಪ್ಯಾನರ್ ಎತ್ತಿಕೊಡುವುದು, ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಯುವುದು. ಸ್ಟಿಯರಿಂಗ್ ಮುಟ್ಟಿದರೆ ಮಾತ್ರ ಬೆನ್ನಿಗೆ ಬೀಳುತ್ತಿತ್ತು. "ರಿಪೇರಿ ಮಾಡೋನು ಬದುಕ್ತಾನೆ ಕಣ್ಲಾ, ಓಡ್ಸೋನು ಎಲ್ಲಾದ್ರೂ ಹೋಗಿ ಗುದ್ಕೋತಾನೆ" ಅನ್ನುವುದು ಅಪ್ಪನ ಸಿದ್ಧಾಂತ. ಗುದ್ದಿಕೊಂಡು ಬಂದ ಲಾರಿಗಳನ್ನೇ ದಿನಾ ನೋಡುತ್ತಿದ್ದವರಿಗೆ ಬೇರೆ ಸಿದ್ಧಾಂತ ಹುಟ್ಟುವುದಾದರೂ ಹೇಗೆ?

2010ರಲ್ಲಿ ನಾನಿನ್ನೂ ಬೆಂಗಳೂರಿನಲ್ಲಿದ್ದೆ. ಫಾರ್ಮುಲಾ ಒನ್ ಓಡಿಸಿ ಬಂದಿದ್ದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಆ ವರ್ಷ ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ನಡೆಸುವ ಟ್ರಕ್ ಸರಣಿಗೆ ಇಳಿದರು. ಮಾರ್ಟಿನ್ಸ್‌ವಿಲ್‌ನ ಮೊದಲ ರೇಸಿನಲ್ಲೇ 13ನೆಯವರಾಗಿ ಮುಗಿಸಿದರು. ಪೂರ್ತಿ ಸೀಸನ್ ಓಡಿಸಲಿಲ್ಲ, ಆಯ್ದ ಕೆಲವು ರೇಸ್ ಮಾತ್ರ. ಆದರೂ ವರ್ಷದ ಕೊನೆಗೆ ಆ ಸರಣಿಯ ಅತ್ಯಂತ ಜನಪ್ರಿಯ ಡ್ರೈವರ್ ಎಂಬ ಪ್ರಶಸ್ತಿ ಅವರಿಗೇ ಬಂತು. ಖುಷಿಯಲ್ಲಿ ಅಪ್ಪನಿಗೆ ಹೇಳಿದೆ. "ಟ್ರಕ್ ಅಂದ್ರೆ? ಲಾರಿ ರೇಸಾ? ಲೋಡು ಹಾಕಿರ್ತಾರಾ, ಖಾಲಿನಾ?" ಎಂದು ಕೇಳಿದರು. ಅವು ಪಿಕಪ್ ಆಕಾರದ ರೇಸ್ ಗಾಡಿಗಳು ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಫೋನಿನ ಕರೆನ್ಸಿ ಮುಗಿದಿತ್ತು.

ಷಾರ್ಲೆಟ್‌ಗೆ ಬಂದದ್ದು 2012ರಲ್ಲಿ. ಮನೆ ಮಾಡಿದ್ದು ಪಕ್ಕದ ಕಾನ್‌ಕಾರ್ಡ್‌ನಲ್ಲಿ, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ. ಬಂದ ಮೇಲೆ ಗೊತ್ತಾಯಿತು, ನಾನು ಸ್ಟಾಕ್ ಕಾರ್ ರೇಸಿನ ತವರುಮನೆಗೇ ಬಂದಿದ್ದೇನೆ ಎಂದು. ನ್ಯಾಸ್ಕಾರ್ ತಂಡಗಳ ಗ್ಯಾರೇಜುಗಳು ಹೆಚ್ಚಿನವು ಈ ಸುತ್ತಮುತ್ತಲಲ್ಲೇ ಇವೆ. ಒಂದೂವರೆ ಮೈಲಿ ಸುತ್ತಳತೆಯ ಷಾರ್ಲೆಟ್ ಮೋಟಾರ್ ಸ್ಪೀಡ್‌ವೇ ಇರುವುದೂ ಕಾನ್‌ಕಾರ್ಡ್‌ನಲ್ಲೇ. ಮೇ ತಿಂಗಳ ಕೊನೆಯ ಹೊತ್ತಿಗೆ ಒಂದು ಭಾನುವಾರ ಅಲ್ಲಿ 600 ಮೈಲಿಯ ರೇಸ್ ನಡೆದಾಗ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೂ ಸದ್ದು ಕೇಳಿಸುತ್ತದೆ. ಪಕ್ಕದ ಊರಿನ ಹೆಸರು ಕನ್ನಾಪೊಲಿಸ್. ಬೋರ್ಡು ಮೊದಲ ಸಲ ನೋಡಿದಾಗ ಯಾರೋ ನಮ್ಮವರೇ ಇಟ್ಟಿರಬೇಕು ಅನ್ನಿಸಿತ್ತು. ಅದು ಹತ್ತಿಬಟ್ಟೆ ಮಿಲ್ಲಿನ ಊರು, ನ್ಯಾಸ್ಕಾರ್‌ನ ಹೆಸರಾಂತ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ ಊರು.

ಸ್ಟಾಕ್ ಕಾರ್ ಎಂದರೆ ಮೂಲದಲ್ಲಿ ಷೋರೂಮಿನಿಂದ ತಂದ ಕಾರು ಎಂದಷ್ಟೇ ಅರ್ಥ. ಈ ಭಾಗದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದ ಹುಡುಗರು ಪೊಲೀಸರಿಂದ ತಪ್ಪಿಸಿಕೊಳ್ಳಲು ಸಾಮಾನ್ಯ ಕಾರುಗಳನ್ನೇ ಜೋರು ಮಾಡಿಕೊಂಡರು. ಅವರಲ್ಲೇ ಕೆಲವರು ಆಮೇಲೆ ಮಣ್ಣಿನ ಟ್ರ್ಯಾಕಿಗೂ ಇಳಿದರು. 1948ರಲ್ಲಿ ನ್ಯಾಸ್ಕಾರ್ ಸಂಸ್ಥೆ ಹುಟ್ಟಿತು. ಈಗ ಕಾರಿನ ಹೊರಗಿನ ಆಕಾರವಷ್ಟೇ ಷೋರೂಮಿನದು. ಒಳಗೆ ಉಕ್ಕಿನ ಪೈಪುಗಳ ಪಂಜರ.

ನನ್ನ ಮೂವತ್ತನಾಲ್ಕನೇ ಹುಟ್ಟುಹಬ್ಬಕ್ಕೆ ನನ್ನಾಕೆ ದೊಡ್ಡ ಸ್ಪೀಡ್‌ವೇಯಲ್ಲಿ ಎಂಟು ಸುತ್ತು ಕಾರು ಓಡಿಸುವ ಟಿಕೆಟ್ ಕೊಡಿಸಿದಳು. ಅದು ಅವಳೇ ಮಾಡಿದ ತಪ್ಪು. ಈಗಲೂ ಜಗಳ ಬಂದಾಗ ನೆನಪಿಸುತ್ತೇನೆ.

ಮರುವರ್ಷ ಒಂದು ಹಳೆಯ ಲೆಜೆಂಡ್ಸ್ ಕಾರು ಕೊಂಡೆ. ಇದು 1930-40ರ ದಶಕದ ಕಾರುಗಳ ಆಕಾರದ, ಅಸಲಿಯ ಎಂಟನೇ ಐದು ಭಾಗದಷ್ಟು ಗಾತ್ರದ ಪುಟ್ಟ ರೇಸ್ ಕಾರು. ಒಳಗಿರುವುದು ಯಮಾಹಾ ಬೈಕಿನ ಇಂಜಿನ್. ಬೇಸಿಗೆಯಲ್ಲಿ ದೊಡ್ಡ ಸ್ಪೀಡ್‌ವೇಯ ಮುಂಭಾಗದಲ್ಲೇ ಇರುವ ಕಾಲು ಮೈಲಿಯ ಟ್ರ್ಯಾಕಿನಲ್ಲಿ ವಾರದ ದಿನಗಳ ರಾತ್ರಿ ಇವುಗಳ ರೇಸ್ ನಡೆಯುತ್ತದೆ. ಷಾರ್ಲೆಟ್‌ನ ವಿಲಿಯಂ ಬೈರನ್ ಮನೆಯಲ್ಲಿ ಕಂಪ್ಯೂಟರಿನ ಮೇಲೆ ರೇಸ್ ಕಲಿತು, ಹದಿನೈದರ ಆಸುಪಾಸಿನ ವಯಸ್ಸಿನಲ್ಲಿ ಇಂಥ ಕಾರು ಹತ್ತಿದವನು. 2024 ಮತ್ತು 2025ರಲ್ಲಿ ಸಾಲಾಗಿ ಎರಡು ಸಲ ನ್ಯಾಸ್ಕಾರ್‌ನ ಅತಿ ದೊಡ್ಡ ರೇಸಾದ ಡೇಟೋನಾ 500 ಗೆದ್ದ. ನಾನು ಹತ್ತಿದ್ದು ಮೂವತ್ತೈದರಲ್ಲಿ. ಅಭ್ಯಾಸದ ದಿನ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಒಬ್ಬ ಹುಡುಗ ನನ್ನನ್ನು ಒಳಗಿನಿಂದ ದಾಟಿಹೋಗಿ, ಆಮೇಲೆ ಪಿಟ್‌ಗೆ ಬಂದು "ಸಾರಿ ಸರ್" ಅಂದ. ದಾಟಿದ್ದಕ್ಕಿಂತ ಆ "ಸರ್" ಹೆಚ್ಚು ಚುಚ್ಚಿತು. ಮೂರು ವರ್ಷ ಅಲ್ಲಿ ಉರುಳಾಡಿದೆ. ಆ ವರ್ಷಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಕಾರು ಜಾರುವಾಗ ಹೆದರದೆ ಕೂರುವುದನ್ನು ಕಲಿತೆ, ಅಷ್ಟೇ.

ಇದ್ಯಾವುದೂ ಹಾಸನದ ಮನೆಗೆ ಗೊತ್ತಿರಲಿಲ್ಲ. ಹಿಕರಿಯ ಹತ್ತಿರದ ನ್ಯೂಟನ್ ಊರಿನ ನೆಡ್ ಜ್ಯಾರೆಟ್ ಕಥೆ ಕೇಳಿದಾಗ ಸ್ವಲ್ಪ ಸಮಾಧಾನವಾಯಿತು. ಆತನ ಅಪ್ಪನಿಗೂ ಮಗ ರೇಸ್ ಓಡಿಸುವುದು ಇಷ್ಟವಿರಲಿಲ್ಲ. ಮಗ ಗೆಳೆಯನ ಹೆಸರಿನಲ್ಲಿ ಓಡಿಸತೊಡಗಿದ. ಕೊನೆಗೆ ಗುಟ್ಟು ರಟ್ಟಾಗಿ, ಓಡಿಸಲೇಬೇಕು ಅಂತಿದ್ದರೆ ನಿನ್ನ ಹೆಸರಿನಲ್ಲೇ ಓಡಿಸು ಎಂದರಂತೆ ಅಪ್ಪ. ಮಗ 1961 ಮತ್ತು 1965ರಲ್ಲಿ ನ್ಯಾಸ್ಕಾರ್‌ನ ಅತಿ ಮೇಲಿನ ಸರಣಿಯ ಚಾಂಪಿಯನ್ ಆದ. ಬ್ಯಾಂಕಿನವನಾದ ನನಗೆ ಇನ್ನೂ ಇಷ್ಟವಾದದ್ದು ಆತನ 1959ರ ಕಥೆ. ವಾರಾಂತ್ಯಕ್ಕೆ ಬ್ಯಾಂಕ್ ಮುಚ್ಚುವವರೆಗೆ ಕಾದು, ಖಾತೆಯಲ್ಲಿ ಇಲ್ಲದ 2,000 ಡಾಲರಿಗೆ ಚೆಕ್ ಬರೆದುಕೊಟ್ಟು ಫೋರ್ಡ್ ಕಾರು ಕೊಂಡ. ಅದೇ ವಾರಾಂತ್ಯ ಎರಡು ರೇಸ್ ಗೆದ್ದು ಸೋಮವಾರದ ಹೊತ್ತಿಗೆ ಬಚಾವಾದ. ನಮ್ಮ ಬ್ಯಾಂಕಿನ ಸಾಫ್ಟ್‌ವೇರ್ ಇವತ್ತು ಅಂಥ ಚೆಕ್ಕನ್ನು ಹಿಡಿದುಬಿಡುತ್ತದೆ. ಹಿಡಿಯುವ ಆ ಕೋಡಿನಲ್ಲಿ ನನ್ನದೂ ಒಂದಷ್ಟು ಸಾಲುಗಳಿವೆ.

ಹಿಕರಿ ಸ್ಪೀಡ್‌ವೇ 1951ರಲ್ಲಿ ಶುರುವಾದದ್ದು. ಒಂದು ಸುತ್ತು 0.363 ಮೈಲಿ, ನಮ್ಮ ಲೆಕ್ಕದಲ್ಲಿ ಆರುನೂರು ಮೀಟರಿಗೂ ಕಡಿಮೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಅಲ್ಲಿನ ಲಿಮಿಟೆಡ್ ಲೇಟ್ ಮಾಡೆಲ್ ಎಂಬ ವರ್ಗದ ಕಾರನ್ನು ಬಾಡಿಗೆಗೆ ಕೊಡುವ ಒಬ್ಬ ಮುದುಕ ಸಿಕ್ಕಿದ. ಒಂದು ರೇಸಿಗೆ ಮೂರೂವರೆ ಸಾವಿರ ಡಾಲರ್. ಅದರಲ್ಲಿ ಕಾರು, ಟೈರು, ಪೆಟ್ರೋಲು, ಆತನ ಇಬ್ಬರು ಹುಡುಗರ ಕೆಲಸ ಎಲ್ಲ ಸೇರಿತ್ತು. ಕಾರು ಜಖಂ ಆದರೆ ಖರ್ಚು ನನ್ನದು. ಅರೆಕಾಲಿಕ ಸ್ಟಾಕ್ ಕಾರ್ ಡ್ರೈವರ್ ಎಂದರೆ ಈ ಕಡೆ ಹೆಚ್ಚಾಗಿ ಇದೇ: ಕೈಯಲ್ಲಿ ದುಡ್ಡಿದ್ದ ವಾರ ನೀನು ಡ್ರೈವರ್, ಇಲ್ಲದ ವಾರ ಟಿಕೆಟ್ ತೆಗೆದುಕೊಂಡು ಮೇಲೆ ಕೂತು ನೋಡು. ಮೇಲಿನ ಹಂತಗಳಲ್ಲೂ ಕಥೆ ಬೇರೆಯಲ್ಲ, ಸೊನ್ನೆಗಳು ಹೆಚ್ಚು.

ಮೊದಲ ಸಲ ಆ ಕಾರಿನೊಳಗೆ ಇಳಿದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಾಗಿಲು ತೆರೆಯುವುದಿಲ್ಲ. ಕಿಟಕಿಯೊಳಗೆ ಮೊದಲು ಬಲಗಾಲು, ಆಮೇಲೆ ಸೊಂಟ, ಕೊನೆಗೆ ತಲೆ. ಸ್ಟಿಯರಿಂಗ್ ಚಕ್ರ ಕಳಚಿ ಡ್ಯಾಶಿನ ಮೇಲೆ ಇಟ್ಟಿರುತ್ತಾರೆ, ಕೂತ ಮೇಲೆ ಸಿಕ್ಕಿಸಿಕೊಳ್ಳಬೇಕು. ಸೀಟು ಪಕ್ಕೆಲುಬುಗಳನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ. ಬೆಲ್ಟುಗಳನ್ನು ಒಬ್ಬ ಹುಡುಗ ತನ್ನ ಮೊಣಕಾಲು ಕೊಟ್ಟು ಎಳೆದು ಬಿಗಿದ. ಉಸಿರು ಅರ್ಧ ಮಾತ್ರ ಒಳಗೆ ಹೋಗುತ್ತದೆ. ಹೆಲ್ಮೆಟ್ಟಿಗೆ ಹ್ಯಾನ್ಸ್ ಎಂಬ ಕೊರಳಪಟ್ಟಿಯ ಕೊಂಡಿ. ಡಿಕ್ಕಿಯಾದಾಗ ತಲೆ ಮುಂದಕ್ಕೆ ಚಿಮ್ಮಿ ಕತ್ತು ಮುರಿಯದಂತೆ ತಡೆಯುವುದು ಅದು. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ಡೇಲ್ ಅರ್ನ್‌ಹಾರ್ಟ್ ತೀರಿಕೊಂಡರು. ನ್ಯಾಸ್ಕಾರ್‌ನವರು ಅದೇ ವರ್ಷ ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಿದರು. ಅದನ್ನು ಸಿಕ್ಕಿಸುವಾಗ ಬರುವ ಎರಡು "ಟಕ್" ಸದ್ದು ಕೇಳದೆ ನಾನು ಇಂಜಿನ್ ಶುರು ಮಾಡುವುದಿಲ್ಲ.

ಡ್ಯಾಶಿನಲ್ಲಿ ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ಹೇಳುವ ಗಡಿಯಾರ ಉಂಟು, ನೀರಿನ ಬಿಸಿ, ಆಯಿಲ್ ಒತ್ತಡದ ಗಡಿಯಾರ ಉಂಟು. ವೇಗ ಹೇಳುವ ಮೀಟರ್ ಮಾತ್ರ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮಾಲೀಕ, "ಎಷ್ಟು ಸ್ಪೀಡು ಅಂತ ಪಕ್ಕದವನು ಹೇಳ್ತಾನೆ" ಅಂದ. ಸುತ್ತಿಗೆ ಹದಿನಾರು ಸೆಕೆಂಡಿನ ಆಸುಪಾಸು. ನೇರದಾರಿ ಎಂಬುದು ಹೆಸರಿಗಷ್ಟೇ. ಗ್ಯಾಸ್ ಒತ್ತಿ ಮೂರು ಎಣಿಸುವಷ್ಟರಲ್ಲಿ ಮುಂದಿನ ತಿರುವು. ಎಲ್ಲವೂ ಎಡಕ್ಕೆ. ಹತ್ತು ಸುತ್ತಾದ ಮೇಲೆ ಕತ್ತು ತಾನಾಗಿ ಬಲಕ್ಕೆ ವಾಲತೊಡಗಿತು. ಇಳಿದಾಗ ಟೈರ್ ಮುಟ್ಟಿ ನೋಡಿದೆ, ಪಾಕದ ಹಾಗೆ ಅಂಟುತ್ತಿತ್ತು. ಹಿಕರಿಯ ಹಳೆಯ ಡಾಂಬರು ಟೈರನ್ನು ತುರಿಮಣೆಯ ಹಾಗೆ ತುರಿದುಬಿಡುತ್ತದೆ. ಅಲ್ಲಿ ಗೆಲ್ಲುವವನು ಮೊದಲ ಹತ್ತು ಸುತ್ತು ಕೈ ಕಟ್ಟಿ ಕೂರಬಲ್ಲವನು.

ಆ ಮುದುಕ ನನಗೆ ಕಲಿಸಿದ್ದರಲ್ಲಿ ದೊಡ್ಡದು ಟೈರಿನ ಲೆಕ್ಕ. ಹಿಂದಿನ ಎರಡು ಟೈರುಗಳಲ್ಲಿ ಬಲದ್ದರ ಸುತ್ತಳತೆ ಎಡದ್ದಕ್ಕಿಂತ ಒಂದೆರಡು ಇಂಚು ಹೆಚ್ಚಿರಬೇಕು. ಆಗ ಕಾರು ತಾನಾಗಿ ಎಡಕ್ಕೆ ಹೊರಳುತ್ತದೆ. ಕಾಗದದ ಲೋಟವನ್ನು ಮೇಜಿನ ಮೇಲೆ ಉರುಳಿಸಿದರೆ ಅದು ಸಣ್ಣ ತಳದ ಕಡೆಗೆ ತಿರುಗುತ್ತದಲ್ಲ, ಹಾಗೆ. ಇದಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ಶನಿವಾರ ಮಧ್ಯಾಹ್ನ ಅಳತೆ ಟೇಪು ಹಿಡಿದು ಒಂದೊಂದೇ ಟೈರಿನ ಹೊಟ್ಟೆಗೆ ಸುತ್ತಿ, ಸೀಮೆಸುಣ್ಣದಲ್ಲಿ ಅಳತೆ ಬರೆದು, ಜೋಡಿ ಹುಡುಕುವುದು ನನ್ನ ಕೆಲಸವಾಯಿತು. ಹಾಸನದಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದವನಿಗೆ ಇಲ್ಲಿ ಇಷ್ಟು ಬಡ್ತಿ. ಸ್ಟ್ಯಾಗರ್‌ನ ಉಪಾಯವನ್ನು ಮೊದಲು ಕಂಡುಕೊಂಡವನು ಡೇಲ್‌ನ ಅಪ್ಪ ರಾಲ್ಫ್ ಅರ್ನ್‌ಹಾರ್ಟ್ ಎಂದು ಇಲ್ಲಿಯವರು ಹೇಳುತ್ತಾರೆ. ಮಿಲ್ಲಿನ ಕೆಲಸ ಬಿಟ್ಟು ಕನ್ನಾಪೊಲಿಸ್‌ನ ಮನೆಯ ಹಿತ್ತಿಲ ಗ್ಯಾರೇಜಿನಲ್ಲಿ ತಾನೇ ಕಾರು ಕಟ್ಟಿ, ಗೆದ್ದ ದುಡ್ಡಿನಲ್ಲಿ ಸಂಸಾರ ನಡೆಸಿದ ಮನುಷ್ಯ. 1973ರಲ್ಲಿ ಹೃದಯಾಘಾತವಾಗಿ ತೀರಿಕೊಂಡಾಗಲೂ ಕಾರಿನ ಕೆಲಸದಲ್ಲೇ ಇದ್ದ.

ತೂಕದ ಕಥೆ ಇನ್ನೊಂದು. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟು, ಡ್ರೈವರನ್ನೂ ಕೂರಿಸಿ ತೂಗುತ್ತಾರೆ. ಕಡಿಮೆ ಬಿದ್ದರೆ ಸೀಸದ ಗಟ್ಟಿ ಬಿಗಿಯುತ್ತಾರೆ. ಒಂದು ಯುಗಾದಿ ಆದ ವಾರ ಮುದುಕ ತಕ್ಕಡಿ ನೋಡಿ, ಏನೂ ಮಾತಾಡದೆ ಒಂದು ಸೀಸದ ಗಟ್ಟಿ ಬಿಚ್ಚಿ ಪಕ್ಕಕ್ಕಿಟ್ಟ. ಒಬ್ಬಟ್ಟಿಗೆ ಅಷ್ಟು ನಿಖರವಾದ ತೂಕ ಯಾರೂ ಕಟ್ಟಿರಲಾರರು.

2020ರಲ್ಲಿ ಟ್ರ್ಯಾಕುಗಳು ಕೋವಿಡ್‌ನಿಂದ ಮುಚ್ಚಿದವು, ತೆರೆದವು, ಮತ್ತೆ ಖಾಲಿಯಾದವು. ಆ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಭಾರತೀಯರ ಗ್ರೀನ್ ಕಾರ್ಡ್ ಸಾಲು ಅರ್ಜಿ ಹಾಕುವ ಮಟ್ಟಿಗೆ ಹಠಾತ್ತನೆ ಮುಂದೆ ಜಿಗಿಯಿತು. ಇಬಿ-3 ಎಂಬ ಉದ್ಯೋಗದ ವರ್ಗದಲ್ಲಿ, ಸಾಲಿಗೆ ಸೇರಿದ ತಾರೀಖು 2015ರ ಜನವರಿ 1ಕ್ಕೆ ಮೊದಲಿನದಾಗಿದ್ದವರೆಲ್ಲ ಫೈಲ್ ಮಾಡಬಹುದು ಎಂದಾಯಿತು. ನನ್ನದು 2014. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಆ ತಿಂಗಳು ಹಬ್ಬದ ಫೋಟೋಗಳಿಗಿಂತ ವೈದ್ಯಕೀಯ ತಪಾಸಣೆ ಮಾಡುವ ಡಾಕ್ಟರುಗಳ ನಂಬರುಗಳೇ ಹೆಚ್ಚು ಓಡಾಡಿದವು. ಮಾರನೇ ವರ್ಷ ಬೇಸಿಗೆಯಲ್ಲಿ ಕೆಲಸದ ಪರವಾನಗಿ ಕಾರ್ಡು, ಎಲ್ಲರೂ ಇಎಡಿ ಅನ್ನುವುದು, ಅಂಚೆಯಲ್ಲಿ ಬಂತು. ಗೆಳೆಯರು ಇನ್ನು ಧೈರ್ಯವಾಗಿ ಕಂಪನಿ ಬದಲಾಯಿಸಬಹುದು ಎಂದು ಖುಷಿಪಟ್ಟರು. ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಆ ಕಿಟಕಿ. ಅಡುಗೆಮನೆಯಲ್ಲಿ ಅದನ್ನು ಹೇಳಿದೆ. "ಜನ ಸಂಬಳ ಜಾಸ್ತಿ ಮಾಡ್ಕೊಳೋಕೆ ಇಎಡಿ ಉಪಯೋಗಿಸ್ತಾರೆ ರೀ. ನೀವು ಖರ್ಚು ಜಾಸ್ತಿ ಮಾಡ್ಕೊಳೋಕೆ!" ಅಂದಳು ನನ್ನಾಕೆ. ಒಂದು ಷರತ್ತಿನ ಮೇಲೆ ಒಪ್ಪಿದಳು: ಮಗಳ ಕಾಲೇಜಿನ ಖಾತೆ ಮುಟ್ಟುವ ಹಾಗಿಲ್ಲ, ವರ್ಷಕ್ಕೆ ಐದೇ ರೇಸು.

ಐದು ರೇಸಿನ ದುಡ್ಡಿಗೆ ಪ್ರಾಯೋಜಕರು ಬೇಕು. ಈ ಹುದ್ದೆಯ ಅಸಲಿ ಕೆಲಸ ಇದು, ಡ್ರೈವಿಂಗ್ ಅಲ್ಲ. ಮೂರು ತಿಂಗಳು ಶನಿವಾರಗಳಲ್ಲಿ ಒಂದು ಫೈಲು ಹಿಡಿದು ಅಂಗಡಿ ಅಂಗಡಿ ಅಲೆದೆ. ನಮ್ಮವರಿಗೆ ಕ್ರಿಕೆಟ್ ಟೂರ್ನಮೆಂಟಿಗೆ ಐನೂರು ಡಾಲರ್ ಕೊಡುವುದು ಸಲೀಸು, ರೇಸ್ ಕಾರು ಅಂದರೆ ಮುಖ ನೋಡುತ್ತಾರೆ. ಕೊನೆಗೆ ಒಂದು ದಿನಸಿ ಅಂಗಡಿಯವರು ಸಾವಿರ ಕೊಟ್ಟರು. ಬಾನೆಟ್ಟಿನ ಮೇಲೆ ಅಂಗಡಿ ಹೆಸರಿನ ಜೊತೆ "ತಾಜಾ ಕರಿಬೇವು ಪ್ರತಿ ಗುರುವಾರ" ಎಂದೂ ಹಾಕಬೇಕು ಎಂಬ ಷರತ್ತು. ಹಾಕಿದೆ. ಮನೆ ಮಾರಿಸುವ ಪರಿಚಿತರೊಬ್ಬರು ಹಿಂಬದಿಯ ಜಾಗಕ್ಕೆ ಎರಡು ಸಾವಿರ ಕೊಟ್ಟರು, ಕಂತಿನಲ್ಲಿ. ಉಳಿದದ್ದು ನನ್ನ ಸಂಬಳ.

ನಂಬರ್ ಆರಿಸುವಾಗ 13 ಕೇಳಿದೆ. ಹಾಸನದ ಗಾಡಿಗಳೆಲ್ಲ ಕೆಎ-13. ನಾರಾಯಣ್ ಮೊದಲ ರೇಸ್ ಮುಗಿಸಿದ್ದೂ 13ನೇ ಜಾಗದಲ್ಲಿ. ಮುದುಕ ಬೇಡ ಎಂದು ಗೋಗರೆದ. ಹದಿಮೂರು ಅಂದರೆ ಇಲ್ಲಿಯವರಿಗೆ ನಮ್ಮ ರಾಹುಕಾಲವಿದ್ದ ಹಾಗೆ. ನಾನು ಬಿಡಲಿಲ್ಲ. ಬಾಗಿಲ ಮೇಲೆ ದೊಡ್ಡ 13, ಅದರ ಕೆಳಗೆ ಸಣ್ಣದಾಗಿ ಕನ್ನಡದಲ್ಲಿ "ಹಾಸನ". ಟ್ರ್ಯಾಕಿನ ಹುಡುಗನೊಬ್ಬ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, "ಇದು ಯಾವ ಕಂಪನಿಯ ಲೋಗೊ?" ಎಂದು ಕೇಳಿದ.

2022ರ ಜೂನ್. ಹದಿನಾರು ಕಾರು, ನಲವತ್ತು ಸುತ್ತು. ಡಬ್ಲ್ಯೂ-9ನಲ್ಲಿ ಈ ಸಲ ನನ್ನ ಹೆಸರು, ನನ್ನ ಸೋಷಿಯಲ್ ಸೆಕ್ಯೂರಿಟಿ ನಂಬರು. ಅರ್ಹತಾ ಸುತ್ತಿನಲ್ಲಿ ಹನ್ನೊಂದನೇ ಜಾಗ ಸಿಕ್ಕಿತು. ಕಾರಿನೊಳಗೆ ಐವತ್ತು ಡಿಗ್ರಿ ದಾಟಿರಬೇಕು, ಕೈಗವಸಿನೊಳಗೆ ಬೆವರು ಪಿಚಪಿಚ ಅನ್ನುತ್ತಿತ್ತು. ಗೋಪುರದ ಮೇಲೆ ನಿಂತು ಪಕ್ಕದಲ್ಲಿ ಯಾರಿದ್ದಾರೆಂದು ರೇಡಿಯೊದಲ್ಲಿ ತಿಳಿಸುವ ನನ್ನ ಸ್ಪಾಟರ್ ಕಿವಿಯೊಳಗೆ ಒಂದೇ ಸಮ ಹೇಳುತ್ತಿದ್ದ: "ಇನ್‌ಸೈಡ್... ಇನ್ನೂ ಇದ್ದಾನೆ... ಇನ್ನೂ... ಬಾಗಿಲಿಗೆ ಬಂದ... ಕ್ಲಿಯರ್." ಆ "ಕ್ಲಿಯರ್" ಬರುವವರೆಗೆ ಕಾರನ್ನು ಒಂದು ಗೇಣೂ ಕೆಳಕ್ಕೆ ಇಳಿಸುವಂತಿಲ್ಲ. ಕನ್ನಡಿಗಿಂತ ಆ ದನಿಯನ್ನೇ ನಂಬಬೇಕು. ಮೊದಲ ಹದಿನೈದು ಸುತ್ತು ಕೈ ಕಟ್ಟಿ ಕೂತೆ, ಎರಡು ಸ್ಥಾನ ಬಿಟ್ಟುಕೊಟ್ಟೆ. ಇಪ್ಪತ್ತರ ಮೇಲೆ ಮುಂದಿನವರ ಕಾರುಗಳು ಹಿಂಬದಿ ಒದೆಯತೊಡಗಿದವು, ಟೈರ್ ಮುಗಿದಿದ್ದವು. ಒಬ್ಬೊಬ್ಬರನ್ನೇ ಒಳಗಿನಿಂದ ದಾಟಿದೆ. ಮೂವತ್ತೊಂದನೇ ಸುತ್ತಿನಲ್ಲಿ ನನ್ನ ಮುಂದೆಯೇ ಇಬ್ಬರು ಸಿಕ್ಕಿಹಾಕಿಕೊಂಡು ತಿರುಗಿದರು. ಎಲ್ಲರೂ ನಿಧಾನಿಸಿ ಎಂಬ ಹಳದಿ ಬಾವುಟ ಬಿತ್ತು. ಮತ್ತೆ ಹಸಿರು ಬಂದಾಗ ಹಿಂದಿನವನು ನನ್ನ ಬಂಪರಿಗೆ ಎರಡು ಸಲ ಮುತ್ತಿಟ್ಟ. ಎರಡನೆಯದರಲ್ಲಿ ಹಿಂಬದಿ ಹೊರಳಿತು. ಹಿಡಿದೆ. ಹೇಗೆ ಹಿಡಿದೆ ಎಂದು ಕೇಳಿದರೆ ಗೊತ್ತಿಲ್ಲ, ಕೈ ಹಿಡಿಯಿತು. ಆರನೆಯವನಾಗಿ ಮುಗಿಸಿದೆ.

ಕಿಟಕಿಯ ಸಾಲು. ಅದೇ ಹೆಂಗಸು. ಲಕೋಟೆ ತೆಗೆದಳು, ನನ್ನ ಹೆಸರನ್ನು ತುಂಡು ತುಂಡು ಮಾಡಿ ಓದಿದಳು. 310 ಡಾಲರ್. ಬ್ಯಾಂಕಿನ ಆ್ಯಪ್‌ನಲ್ಲಿ ಫೋಟೋ ತೆಗೆದರೆ ಮುಗಿಯುವ ಕೆಲಸಕ್ಕೆ ಸೋಮವಾರ ಊಟದ ಬಿಡುವಿನಲ್ಲಿ ಶಾಖೆಗೆ ಹೋಗಿ, ಕೌಂಟರಿನಲ್ಲಿ ಕೊಟ್ಟು, ರಸೀತಿ ತೆಗೆದುಕೊಂಡೆ.

ಆ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ವೆಂಡೆಲ್ ಸ್ಕಾಟ್ ನೆನಪಾಗುತ್ತಾರೆ. ವರ್ಜೀನಿಯಾದ ಡ್ಯಾನ್‌ವಿಲ್‌ನ ಕಪ್ಪು ಜನಾಂಗದ ಮೆಕ್ಯಾನಿಕ್, ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದವರು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಎರಡು ಸುತ್ತಿನ ಅಂತರದಿಂದ ಗೆದ್ದರು. ಆದರೆ ಗೆದ್ದವನು ಎಂದು ಅಲ್ಲಿ ಸಾರಿದ್ದು ಬೇರೊಬ್ಬನನ್ನು. ಜನ ಮನೆಗೆ ಹೋದ ಮೇಲೆ ಲೆಕ್ಕ ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ದುಡ್ಡು ಬಂತು, ಟ್ರೋಫಿ ಬರಲಿಲ್ಲ. ಅದರ ಬದಲಿಗೆ ಹೊಸದಾಗಿ ಮಾಡಿಸಿದ ಟ್ರೋಫಿ ಮನೆಯವರ ಕೈ ಸೇರಿದ್ದು 2021ರಲ್ಲಿ. ಸ್ಕಾಟ್ ತೀರಿಕೊಂಡು ಆಗಲೇ ಮೂವತ್ತು ವರ್ಷವಾಗಿತ್ತು. ಇನ್ನೊಬ್ಬರು ಕಾರ್ಲ್ ಲಾಂಗ್, ನಾರ್ತ್ ಕೆರೊಲಿನಾದವರೇ. ದೊಡ್ಡ ಸರಣಿಯಲ್ಲಿ ಅಲ್ಲೊಂದು ಇಲ್ಲೊಂದು ರೇಸ್ ಓಡಿಸುತ್ತಿದ್ದವರು. 2009ರ ಮೇನಲ್ಲಿ, ನಮ್ಮ ಮನೆಗೆ ಸದ್ದು ಕೇಳಿಸುವ ಇದೇ ಸ್ಪೀಡ್‌ವೇಯಲ್ಲಿ, ಅವರ ಇಂಜಿನ್ ಅಳೆದಾಗ ಮಿತಿಗಿಂತ 0.17 ಘನ ಇಂಚು ಹೆಚ್ಚು ಬಂತು. ದಂಡ 2,00,000 ಡಾಲರ್. ಕಟ್ಟಲು ಎಲ್ಲಿಂದ ತರುತ್ತಾರೆ? ವರ್ಷಗಟ್ಟಲೆ ಆ ಸರಣಿಯ ಗ್ಯಾರೇಜಿನೊಳಗೆ ಕಾಲಿಡಲಾಗಲಿಲ್ಲ. ದೊಡ್ಡ ತಂಡಕ್ಕೆ ಎರಡು ಲಕ್ಷ ಎಂದರೆ ಒಂದು ಕೆಟ್ಟ ವಾರ. ಬಿಡಿ ರೇಸಿನವನಿಗೆ ಅದು ಬದುಕೇ. ನಿಯಮ ಎಲ್ಲರಿಗೂ ಒಂದೇ ಅನ್ನುವವರು ಈ ವ್ಯತ್ಯಾಸವನ್ನು ಯಾಕೋ ನೋಡುವುದಿಲ್ಲ.

2022ರ ಐದು ರೇಸಿನಿಂದ ನನಗೆ ಬಂದದ್ದು ಒಟ್ಟು 1,140 ಡಾಲರ್. ಖರ್ಚು ಹತ್ತೊಂಬತ್ತು ಸಾವಿರದ ಮೇಲೆ. ಜನವರಿಯಲ್ಲಿ ಟ್ರ್ಯಾಕಿನಿಂದ, ಕೊಟ್ಟ ಬಹುಮಾನದ ದುಡ್ಡನ್ನು ತೆರಿಗೆಗೆಂದು ತೋರಿಸುವ 1099 ಫಾರಂ ಬಂತು. ತೆರಿಗೆ ಲೆಕ್ಕಿಗರು ಕನ್ನಡಕ ಏರಿಸಿ ನೋಡಿ, "ಇದೇನು ಸ್ವಾಮಿ ಹೊಸದು?" ಅಂದರು. ಐದರಲ್ಲಿ ಮೂರು ವರ್ಷ ಲಾಭ ತೋರಿಸಿದರೆ ತೆರಿಗೆಯವರು ಅದನ್ನು ವ್ಯವಹಾರ ಎಂದು ಸುಲಭವಾಗಿ ಒಪ್ಪುತ್ತಾರೆ, ಇಲ್ಲದಿದ್ದರೆ ಹವ್ಯಾಸ ಅಂದುಬಿಡಬಹುದು ಎಂದು ತಿಳಿಸಿ ಹೇಳಿದರು. ಲಾಭ ಬರುವ ಸಾಧ್ಯತೆ ಎಷ್ಟು ಎಂದೂ ಕೇಳಿದರು. ನಾನು ನಕ್ಕೆ, ಅವರೂ ನಕ್ಕರು. ಆದರೂ ಉದ್ಯೋಗ ಎಂಬಲ್ಲಿ ಸಾಫ್ಟ್‌ವೇರ್ ಜೊತೆಗೆ ರೇಸ್ ಕಾರ್ ಡ್ರೈವರ್ ಎಂದು ಬರೆಸಿದೆ.

2023ರ ಎರಡನೇ ರೇಸಿನಲ್ಲಿ ನಾಲ್ಕನೇ ತಿರುವಿನಿಂದ ಹೊರಬರುವಾಗ ಬಲ ಹಿಂದಿನ ಟೈರ್ ಒಡೆದು ಗೋಡೆಗೆ ಹೋದೆ. ತಪ್ಪು ನನ್ನದೇ, ಟೈರನ್ನು ಅಷ್ಟು ಬೇಗ ಸುಡಬಾರದಿತ್ತು. ಬಡಿದ ಕ್ಷಣದಲ್ಲಿ ಸದ್ದೇ ಇರಲಿಲ್ಲ. ಆಮೇಲೆ ರೇಡಿಯೇಟರಿನ ಬಿಸಿನೀರಿನ ಸಿಹಿ ವಾಸನೆ ಬಂತು. ಕಿಟಕಿಯ ಬಲೆಯನ್ನು ಕೆಳಗೆ ಬಿಟ್ಟೆ. ಡ್ರೈವರ್ ಕ್ಷೇಮ ಎಂಬುದಕ್ಕೆ ಅದೇ ಗುರುತು. ಮೇಲೆ ಕೂತಿದ್ದ ನನ್ನಾಕೆಗೆ ಆ ಬಲೆ ಬೀಳುವವರೆಗಿನ ಐದಾರು ಸೆಕೆಂಡು ಎಷ್ಟು ಉದ್ದವಿತ್ತೋ, ಅವಳು ಈವರೆಗೆ ಹೇಳಿಲ್ಲ. ಮುಂಭಾಗ, ರೇಡಿಯೇಟರ್, ಒಂದು ಸಸ್ಪೆನ್ಷನ್ ಸೇರಿ ಬಿಲ್ಲು ನಾಲ್ಕು ಸಾವಿರ ದಾಟಿತು. ಆ ವರ್ಷದ ಉಳಿದ ರೇಸುಗಳನ್ನು ಟಿಕೆಟ್ ತೆಗೆದುಕೊಂಡು ನೋಡಿದೆ.

ಆ ಡಿಕ್ಕಿಯ ವಿಡಿಯೊ ಯಾರೋ ಹಾಕಿ, ಹೇಗೋ ಹಾಸನದ ಸೋದರಮಾವನ ಫೋನಿಗೆ ಹೋಗಿ, ಅಲ್ಲಿಂದ ಅಪ್ಪನ ಮುಂದೆ ಬಂದುಬಿಟ್ಟಿತು. ಬಾಗಿಲ ಮೇಲಿನ "ಹಾಸನ"ವೇ ನನ್ನನ್ನು ಹಿಡಿದುಕೊಟ್ಟಿತು. ಎರಡು ದಿನ ಫೋನೇ ಇಲ್ಲ. ಮೂರನೇ ದಿನ ಬೆಳಿಗ್ಗೆ, ಅಲ್ಲಿನ ಸಂಜೆ, ಅಪ್ಪನೇ ಮಾಡಿದರು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ.

"ನೋಡ್ದೆ ಕಣ್ಲಾ. ಬರೀ ಎಡಕ್ಕೇ ತಿರುಗಿಸ್ತೀರಲ್ಲ, ಬಲಗಡೆ ಟೈರೇ ಸವೀತದೆ ತಾನೆ?"

"ಹೂಂ ಅಪ್ಪ."

"ಮತ್ತೆ ಅರ್ಧದಲ್ಲಿ ಬಿಚ್ಚಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕೋಕೆ ಏನು ರೋಗ?"

ಬಲದ್ದು ದೊಡ್ಡದು, ಎಡದ್ದು ಚಿಕ್ಕದು, ಅದಲುಬದಲು ಮಾಡಿದರೆ ಕಾರು ನೇರ ಗೋಡೆಗೇ ಹೋಗುತ್ತದೆ ಎಂದು ಹೇಳಿದೆ. ಲೋಟದ ಉದಾಹರಣೆ ಕೊಟ್ಟೆ. ಆ ಕಡೆ ಸದ್ದಿಲ್ಲ. ಆಮೇಲೆ ಅವ್ವನನ್ನು ಕೂಗಿ ಒಂದು ಕಾಗದದ ಲೋಟ ತರಲು ಹೇಳುವುದು ಕೇಳಿಸಿತು. ಮೇಜಿನ ಮೇಲೆ ಅದು ಉರುಳುವ ಸಣ್ಣ ಸದ್ದು, ಒಂದು ಸಲ, ಮತ್ತೊಂದು ಸಲ.

"ಎಷ್ಟು ಇಂಚು ವ್ಯತ್ಯಾಸ ಇಡ್ತೀರಿ?" ಎಂದು ಕೇಳಿದರು.